ಎಷ್ಟು ಓಡಿದೆ ಅಂತ ಮೊದಲು ಕೇಳಬೇಡಿ ಮಾರಾಯ್ರೆ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡೋಕೆ ಹೋದ ನಮ್ಮ ಜನ ಕೇಳೋ ಪ್ರಶ್ನೆ ಎರಡೇ. ಒಂದು, "ಎಷ್ಟು ಓಡಿದೆ?" ಇನ್ನೊಂದು, "ಮೈಲೇಜ್ ಎಷ್ಟು ಕೊಡುತ್ತೆ?" ಎರಡನೆಯದಕ್ಕೆ ಮಾರುವವನ ಉತ್ತರ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ಹೈವೇಲಿ ಇಪ್ಪತ್ತೈದು ಗ್ಯಾರಂಟಿ ಸಾರ್!" ಮೊದಲನೆಯದಕ್ಕೆ ಬರೋ ಉತ್ತರ ಅಪ್ಪಟ ಸತ್ಯವೇ ಆಗಿದ್ದರೂ ಅದರಿಂದ ಅರ್ಧ ವಿಷಯವೂ ತಿಳಿಯೋದಿಲ್ಲ. ಇನ್ನೂ ಹೇಳಬೇಕು ಅಂದ್ರೆ, ತೀರಾ ಕಡಿಮೆ ಓಡಿದ ಹಳೇ ಡೀಸೆಲ್ ಕಾರು ಕಂಡರೆ ನನಗೆ ಚೆನ್ನಾಗಿ ಓಡಿದ ಕಾರಿಗಿಂತ ಹೆಚ್ಚು ಅನುಮಾನ. ಈ ಮಾತು ಹೇಳಿದ್ದಕ್ಕೆ ಸದ್ಯ ನಮ್ಮ ಮನೆಯಲ್ಲಿ ಸಣ್ಣದೊಂದು ಯುದ್ಧ ನಡೀತಾ ಇದೆ.

ತೀರ್ಥಹಳ್ಳಿ ಹತ್ತಿರ ಇರೋ ನಮ್ಮ ಭಾವ ಕಾರು ಹುಡುಕ್ತಾ ಇದ್ದಾರೆ. ಅವರ ಅಮ್ಮನನ್ನ ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರಕೊಂಡು ಹೋಗಬೇಕು. ಜೊತೆಗೆ ವಾರಕ್ಕೊಂದು ಸಲ ಶಿವಮೊಗ್ಗ. ಬಾಡಿಗೆ ಕಾರಿಗೆ ದುಡ್ಡು ಕೊಟ್ಟೂ ಕೊಟ್ಟೂ ಸಾಕಾಗಿದೆ. ಕೈಯಲ್ಲಿರೋದು ಅಡಿಕೆ ಮಾರಿದ ಮೂರೂವರೆ ಲಕ್ಷ. ಅದರ ಮೇಲೆ ರಿಪೇರಿಗೆ ಅಂತ ಇನ್ನೊಂದು ಐವತ್ತು ಸಾವಿರ ಎತ್ತಿಡೋ ಸ್ಥಿತಿಯಲ್ಲಿ ಅವರಿಲ್ಲ. ಮಳೆಗಾಲದ ರಾತ್ರಿ ಘಾಟಿ ಮಧ್ಯೆ ಕಾರು ಕೈಕೊಟ್ಟರೆ ಹಿಂದಿನ ಸೀಟಿನಲ್ಲಿ ಕೂತಿರೋದು ಎಪ್ಪತ್ತೆಂಟು ವರ್ಷದ ಜೀವ. ಹಾಗಾಗಿ ನಾನು ಸುಮ್ಮನೆ "ಯಾವುದೋ ಒಂದು ತಗೊಳ್ಳಿ" ಅನ್ನೋ ಹಾಗಿಲ್ಲ.

ಎದುರಿಗೆ ಎರಡು ಕಾರು ಇವೆ. ಎರಡೂ 2015ರ ಸ್ವಿಫ್ಟ್ ಡೀಸೆಲ್. ಒಂದು ಬೆಂಗಳೂರಿನದು, 46 ಸಾವಿರ ಕಿಲೋಮೀಟರ್, ಮೈಮೇಲೆ ಒಂದು ಗೀರಿಲ್ಲ. ಇನ್ನೊಂದು ಹುಬ್ಬಳ್ಳಿಯ ಮೆಡಿಕಲ್ ರೆಪ್ ಒಬ್ಬರದು, 1 ಲಕ್ಷ 38 ಸಾವಿರ. ಬೆಂಗಳೂರಿನದಕ್ಕೆ ಐವತ್ತು ಸಾವಿರ ಜಾಸ್ತಿ ಹೇಳ್ತಿದ್ದಾರೆ. ಭಾವನಿಗೆ ಅದೇ ಬೇಕು. "ಒಂದೂವರೆ ಲಕ್ಷ ಹತ್ತಿರ ಓಡಿದ್ದು ಗುಜರಿ ಅಲ್ವಾ ಮಾರಾಯ?" ಅಂತ ಅವರ ವಾದ. ನಾನು ಹುಬ್ಬಳ್ಳಿ ಪಾರ್ಟಿ :-)

ನನ್ನ ವಾದ ಇಷ್ಟು. ಬೆಂಗಳೂರಿನ ಕಾರು ಹತ್ತು ವರ್ಷ ಮಾಡಿದ ಕೆಲಸ ಮನೆಯಿಂದ ಆಫೀಸಿಗೆ ಐದು ಕಿಲೋಮೀಟರ್, ಆಫೀಸಿಂದ ಮನೆಗೆ ಐದು ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲು ಫಸ್ಟ್ ಗೇರು, ಸೆಕೆಂಡ್ ಗೇರು. ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯಾಗೋಕೆ ಪೆಟ್ರೋಲಿಗಿಂತ ಹೆಚ್ಚು ಹೊತ್ತು ಬೇಕು. ಬಿಸಿ ಆಗೋಷ್ಟರಲ್ಲಿ ಆಫೀಸ್ ಬಂತು, ಕೀ ತೆಗೆದಾಯ್ತು. ಹೊಗೆಯ ಒಂದು ಭಾಗವನ್ನ ಮತ್ತೆ ಇಂಜಿನ್ನಿಗೇ ಕಳಿಸೋ ಇಜಿಆರ್ ವಾಲ್ವ್ ಅಂತ ಒಂದಿದೆ. ಇಂಥ ಓಡಾಟದಲ್ಲಿ ಅದರೊಳಗೆ ಮಸಿ ಕಟ್ಟಿಕೊಳ್ತಾ ಹೋಗುತ್ತೆ, ನಮ್ಮ ಹಳೇ ಸೌದೆ ಒಲೆಯ ಹೊಗೆಗೂಡಿನ ಹಾಗೆ. ಕ್ಲಚ್ಚಿನ ಕಥೆ ಬೇರೆ ಹೇಳಬೇಕಾ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಗೊತ್ತು. ಹೈವೇಯಲ್ಲಿ ಐವತ್ತು ಕಿಲೋಮೀಟರ್ ಹೋಗೋಕೆ ಕ್ಲಚ್ ಹತ್ತು ಸಲ ಒತ್ತಿದರೆ ಹೆಚ್ಚು. ಇಲ್ಲಿ ಐದು ಕಿಲೋಮೀಟರಿಗೆ ಇನ್ನೂರು ಸಲ.

ಇದಕ್ಕಿಂತ ಮುಖ್ಯವಾದದ್ದು ಆಯಿಲ್. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತೋ ಆಗ ಬದಲಾಯಿಸಿ ಅಂತ ಕಂಪನಿ ಪುಸ್ತಕದಲ್ಲೇ ಬರೆದಿರುತ್ತೆ. ನಮ್ಮವರು ಮೊದಲರ್ಧ ಓದ್ತಾರೆ, ಎರಡನೇ ಅರ್ಧ ಬಿಡ್ತಾರೆ. ಬೆಂಗಳೂರಿನ ಮಾಲೀಕರ ಹತ್ತಿರ ಸರ್ವಿಸ್ ಬಿಲ್ ಕೇಳಿದೆ. ಸಿಕ್ಕಿದ್ದು ನಾಲ್ಕು. "ಗಾಡಿ ಓಡೇ ಇಲ್ವಲ್ಲ ಸಾರ್, ಸರ್ವಿಸ್ ಯಾಕೆ?" ಅಂದರು. ಹತ್ತು ವರ್ಷದ ಕಾರಿಗೆ ಕನಿಷ್ಠ ಹತ್ತು ಸಲ ಆಯಿಲ್ ಬದಲಾಗಿರಬೇಕಿತ್ತು. ಹುಬ್ಬಳ್ಳಿಯವರು ಫೋನಿನಲ್ಲೇ ಹದಿನಾರು ಬಿಲ್ಲಿನ ಫೋಟೋ ಕಳಿಸಿದರು, ಒಂದರಲ್ಲಿ ಚಹಾದ ಲೋಟದ ಗುರುತು ಸಮೇತ.

ಈ ಸ್ವಿಫ್ಟ್ ಇಂಜಿನ್ ಫಿಯಟ್ ಮೂಲದ್ದು, 1248 ಸಿಸಿ. 2007ರಲ್ಲಿ ಸ್ವಿಫ್ಟ್‌ಗೆ ಬಂತು. ಆಮೇಲೆ ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೋ, ಬ್ರೆಜಾ ಅಂತ ಎಲ್ಲೆಲ್ಲೂ ಅದೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿಯವರು ಡೀಸೆಲ್ಲನ್ನೇ ಬಿಟ್ಟರು. ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನ್ ಅಂದ ಕೂಡಲೇ "ಲೈಫ್ ಟೈಮ್" ಅಂತ ನೆಮ್ಮದಿಯಾಗಿ ಮಲಗೋ ಹಾಗಿಲ್ಲ. ಆಯಿಲ್ ಹಳಸಿದರೆ ಚೈನ್ ಸವೆದು ಸಡಿಲ ಆಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡಬ್ಬಿಯೊಳಗೆ ಮೊಳೆ ಅಲ್ಲಾಡಿಸಿದ ಹಾಗೆ ಶಬ್ದ ಬಂದರೆ ಕಾರು ಬಿಟ್ಟು ಬಸ್ಸು ಹತ್ತಿ.

ಬೇರೆ ಸಣ್ಣ ಡೀಸೆಲ್ ನೋಡೋರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬೆಲ್ಟೋ ಚೈನೋ? ಫೋರ್ಡ್ ಫಿಗೋ, ಪೋಲೋ, ಮೈಕ್ರಾ ಇವುಗಳ ಡೀಸೆಲ್ ಬೆಲ್ಟಿನವು. ಬೆಲ್ಟು ಬದಲಾಯಿಸಿದ ಬಿಲ್ ತೋರಿಸದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನ ಬೆಲೆಯಲ್ಲಿ ಕಳೆಯಿರಿ. ಓಡ್ತಾ ಇರುವಾಗ ಬೆಲ್ಟು ತುಂಡಾದರೆ ವಾಲ್ವೂ ಪಿಸ್ಟನ್ನೂ ಡಿಕ್ಕಿ ಹೊಡೆದು ಇಂಜಿನ್ ಕೆಲಸ ಮುಗಿದ ಹಾಗೆ. ಅದರ ಮೇಲೆ ಫೋರ್ಡ್ ಇಲ್ಲಿ ಕಾರು ಮಾಡೋದು ನಿಲ್ಲಿಸ್ತೀನಿ ಅಂತ 2021ರಲ್ಲೇ ಹೇಳಿಬಿಟ್ಟಿದೆ. ನಿಮ್ಮ ಊರಲ್ಲಿ ಅದನ್ನ ಬಲ್ಲ ಮೆಕ್ಯಾನಿಕ್ ಇದ್ದಾರಾ ಅಂತ ಮೊದಲು ನೋಡಿಕೊಳ್ಳಿ.

ಕಾರು ನೋಡೋಕೆ ಹೋಗುವಾಗ ಒಂದು ಕಿಲಾಡಿತನ ಬೇಕು. "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ಹೋಗಿ. ಹೋದ ತಕ್ಷಣ ನಮಸ್ಕಾರಕ್ಕೂ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡ್ತಿದ್ದಾರೆ ಅನ್ನೋ ಸಾಧ್ಯತೆ ಇದೆ. ಡೀಸೆಲ್ ಕಾರಿನ ಕಾಯಿಲೆಗಳೆಲ್ಲ ತಣ್ಣಗಿದ್ದಾಗಲೇ ಮಾತಾಡೋದು. ಸ್ಟಾರ್ಟ್ ಆದಾಗ ಒಂದು ಗಳಿಗೆ ಹೊಗೆ ಬಂದು ನಿಂತರೆ ಪರವಾಗಿಲ್ಲ. ನೀಲಿ ಹೊಗೆ ಬರ್ತಾನೇ ಇದ್ದರೆ ಆಯಿಲ್ ಸುಡ್ತಿದೆ, ಟರ್ಬೋ ಇರಬಹುದು, ರಿಂಗ್ ಇರಬಹುದು. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ಮೆಲ್ಲಗೆ ಸಡಿಲಿಸಿ ನೋಡಿ. ಸ್ವಲ್ಪ ಗಾಳಿ ಸಹಜ, ಪ್ರೆಶರ್ ಕುಕ್ಕರಿನ ಹಾಗೆ ಬುಸ್ ಬುಸ್ ಅಂದರೆ ಪಿಸ್ಟನ್ ರಿಂಗ್ ಸವೆದಿದೆ. ಡಿಪ್‌ಸ್ಟಿಕ್ ತೆಗೆದು "ಅಯ್ಯೋ ಆಯಿಲ್ ಕಪ್ಪಗಿದೆ" ಅಂತ ಬೆಲೆ ಇಳಿಸೋಕೆ ಮಾತ್ರ ಹೋಗಬೇಡಿ, ಮಾರುವವನು ನಗ್ತಾನೆ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೆ ಸಾಕು, ಕಾಡಿಗೆ ಬಣ್ಣಕ್ಕೆ ಬರುತ್ತೆ. ಆದರೆ ಮಜ್ಜಿಗೆ ಕಲಸಿದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ ಅಂತ ಅನುಮಾನ ಪಡಲೇಬೇಕು.

ಟೆಸ್ಟ್ ಡ್ರೈವ್ ಅಂದ್ರೆ ಓಣಿಯಲ್ಲಿ ಒಂದು ಸುತ್ತು ಅಲ್ಲ. ಏರು ಇರೋ ಕಡೆ ಹೋಗಿ. ಎತ್ತರದ ಗೇರಿನಲ್ಲಿ ನಿಧಾನವಾಗಿ ಹೋಗ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಇಂಜಿನ್ ಕೂಗು ಏರಿ ಕಾರು ಏರದಿದ್ದರೆ ಕ್ಲಚ್ ಜಾರ್ತಿದೆ. ಈ ಸ್ವಿಫ್ಟ್ 2000 ಆರ್‌ಪಿಎಂ ಒಳಗೆ ನಿದ್ದೆಯಲ್ಲಿದ್ದ ಹಾಗೆ ಇರುತ್ತೆ, ಅದು ಆ ಇಂಜಿನ್ನಿನ ಸ್ವಭಾವ, ರೋಗ ಅಲ್ಲ. 2000 ದಾಟಿದ ಮೇಲೂ ಎದ್ದು ಓಡದಿದ್ದರೆ ಟರ್ಬೋ ಕಡೆ ನೋಡಬೇಕು. ಅಂದ ಹಾಗೆ, "ಡಾಕ್ಟರ್ ಓಡಿಸಿದ ಕಾರು" ಅನ್ನೋದನ್ನ ನಂಬಬೇಡಿ. ಕರ್ನಾಟಕದ ಸೆಕೆಂಡ್ ಹ್ಯಾಂಡ್ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ನಮ್ಮೂರ ಆಸ್ಪತ್ರೆಯಲ್ಲಿ ಯಾಕೆ ಒಬ್ಬರೂ ಇರೋದಿಲ್ಲ?

ಹಾಗಾದ್ರೆ ಡೀಸೆಲ್ಲೇ ಯಾಕೆ ಬೇಕು ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. 2012ರ ಮೇನಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41ರ ಆಸುಪಾಸು. ಆಗ ಕಣ್ಣು ಮುಚ್ಚಿ ಡೀಸೆಲ್ ಅನ್ನಬಹುದಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟ ಮೇಲೆ ಆ ಕಾಲ ಹೋಯಿತು. 2025ರಲ್ಲಿ ಬೆಂಗಳೂರಲ್ಲಿ ಪೆಟ್ರೋಲ್ 103, ಡೀಸೆಲ್ 91ರ ಹತ್ತಿರ. ಡೀಸೆಲ್ ಕಾರು ಲೀಟರಿಗೆ 20, ಪೆಟ್ರೋಲ್ ಕಾರು 15 ಕಿಲೋಮೀಟರ್ ಅಂತ ಹಿಡಿದರೆ ಕಿಲೋಮೀಟರಿಗೆ ಉಳಿಯೋದು ಎರಡೂಕಾಲು ರೂಪಾಯಿ ಚಿಲ್ಲರೆ. ಭಾವನ ಓಡಾಟ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್, ಉಳಿತಾಯ ಇಪ್ಪತ್ಮೂರು ಸಾವಿರ. ನಾಲ್ಕು ಇಂಜೆಕ್ಟರ್ ಹೋದರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತೆ. ಅವರದು ಉದ್ದದ ದಾರಿ, ಘಾಟಿ, ಹಾಗಾಗಿ ನಾನು ಒಪ್ಪಿದೆ. ದಿನಾ ಐದು ಕಿಲೋಮೀಟರ್ ಓಡಿಸೋ ಬೆಂಗಳೂರಿನ ಗೆಳೆಯರು ಹಳೇ ಡೀಸೆಲ್ ಕಡೆ ತಲೆ ಹಾಕಬೇಡಿ. 2020ರ ನಂತರದ ಬಿಎಸ್6 ಡೀಸೆಲ್ ಅಂತೂ ಬೇಡವೇ ಬೇಡ. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಅದು ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳೋಕೆ ಆಗಾಗ ಒಂದಿಷ್ಟು ಹೊತ್ತು ನಿಲ್ಲದೆ ಓಡಬೇಕು. ಟ್ರಾಫಿಕ್ಕಿನಲ್ಲಿ ಎಲ್ಲಿಂದ ಓಡೋದು?

ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಭಾನುವಾರ ಹುಬ್ಬಳ್ಳಿಗೆ ಹೋಗಿ ನೋಡೋದು, ನಮ್ಮ ಪರಿಚಯದ ಮೆಕ್ಯಾನಿಕ್ ಒಬ್ಬರನ್ನ ದಿನದ ಕೂಲಿ ಕೊಟ್ಟು ಜೊತೆಗೆ ಕರಕೊಂಡು ಹೋಗೋದು ಅಂತ ತೀರ್ಮಾನ ಆಗಿದೆ. ನಿಮ್ಮಲ್ಲಿ ಯಾರಾದರೂ ಈ ಇಂಜಿನ್ನನ್ನ ಎರಡು ಲಕ್ಷ ಕಿಲೋಮೀಟರ್ ದಾಟಿಸಿದ್ದರೆ ಚೈನ್, ಟರ್ಬೋ, ಇಂಜೆಕ್ಟರ್ ಇದರಲ್ಲಿ ಯಾವುದು ಎಷ್ಟಕ್ಕೆ ಬದಲಾಯಿತು ಅಂತ ಶನಿವಾರದೊಳಗೆ ಒಂದು ಸಾಲು ಬರೆದು ತಿಳಿಸಿ. ಭಾವನಿಗೆ ಓದಿ ಹೇಳ್ತೀನಿ.