ದಿಂಬು ಕೊಳ್ಳುವುದೇಕೆ?

ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1835ರಲ್ಲಿ ಪ್ರಕಟಿಸಿದ ರಾಜಕುಮಾರಿ ಮತ್ತು ಬಟಾಣಿಯ ಕಥೆಯಲ್ಲಿ 20 ಹಾಸಿಗೆ, ಅವುಗಳ ಮೇಲೆ 20 ಪುಕ್ಕದ ಮೆತ್ತೆಗಳಿವೆ. ಶಾಲೆಯ ರಂಗದ ಮೇಲೆ ಅವು ದಿಂಬುಗಳ ರಾಶಿಯಾಗುತ್ತವೆ. ಇಲ್ಲಿ ದೆಹಲಿಯಲ್ಲಿ ಮಗಳ ಶಾಲೆಯಿಂದ, ಮನೆಗೆರಡರಂತೆ ಹೊಸ ದಿಂಬು ಕೊಂಡು ಕಳುಹಿಸಬೇಕೆಂಬ ಸೂಚನೆ ಬಂದಿದೆ. ನನಗಿದು ಒಪ್ಪಿಗೆಯಿಲ್ಲ, ಅವನ್ನು ಮಕ್ಕಳೇ ಹೊಲಿಯಬೇಕು.

ಹತ್ತಿಯ ದಿಂಬು ಎಂಟು ವರ್ಷದ ಮಗುವಿಗೆ ಭಾರ. ಒಗೆದರೆ ಗಂಟುಕಟ್ಟುತ್ತದೆ, ಬೇಗ ಒಣಗದು. ಥರ್ಮೋಕೋಲ್ ಕಾಳು ಹಗುರವೇನೋ ಸರಿ, ಹೊಲಿಗೆ ಬಿಚ್ಚಿದರೆ ರಂಗವೆಲ್ಲ ಚೆಲ್ಲಾಡಿ ಮೈಗಂಟುತ್ತದೆ. ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ತುಂಬಿ, ಹಳೆಯ ಸೀರೆಯ ಗವಸು ತೊಡಿಸಿದರೆ ಸಾಕು. ಗವಸಿನ ಹಿಂಬದಿಯಲ್ಲಿ ಎರಡು ಅಂಚುಗಳು ಒಂದರ ಮೇಲೊಂದು ಬರುವಂತೆ ಹೊಲಿದರೆ ಗುಂಡಿಯೂ ಬೇಡ, ಜಿಪ್ಪೂ ಬೇಡ. ಹಳೆಯ ಸೀರೆಗಳಿಂದ ಕೌದಿ ಹೊಲಿದ ನಮ್ಮ ಅಜ್ಜಿಯರಿಗೆ ಇದು ಹೊಸ ವಿದ್ಯೆಯಲ್ಲ.

ಒಗೆಯಲು ಬರುವುದು ಸಣ್ಣ ಗುಣವಲ್ಲ. ತಾಲೀಮಿನ ನೆಲದಲ್ಲಿ ಹೊರಳಿದ ದಿಂಬಿನ ಧೂಳು ಉಬ್ಬಸವಿರುವ ಮಗುವನ್ನು ನಾಟಕದಿಂದ ಹೊರಗಿಟ್ಟೀತು. ಕೊಳ್ಳಲಾಗದ ಮನೆಯ ಮಗುವನ್ನಂತೂ ಸೂಚನೆಯೇ ಹೊರಗಿಡುತ್ತದೆ. ಒಗೆದಿಟ್ಟ ದಿಂಬು ಮುಂದಿನ ವರ್ಷದ ತರಗತಿಗೂ ಒದಗುತ್ತದೆ.

ಶಾಲೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ದಿಂಬು ಕೇಳುವ ಬದಲು ಒಂದು ಶನಿವಾರ ಕೊಡಿ. ಮನೆಮನೆಯ ಹಳೆಯ ಸೀರೆ ತಂದು, ಮಕ್ಕಳೊಡನೆ ಕುಳಿತು ಹೊಲಿಯುತ್ತೇವೆ.