ಟು-ಲೆಟ್ ಬೋರ್ಡು ಬಿದ್ದ ಮೇಲೆ ಮನೆ ಯಾರದ್ದು?

ಮನೆ ಖಾಲಿ ಮಾಡ್ತೀವಿ ಅಂತ ಓನರ್ ಅಂಕಲ್‌ಗೆ ಹೇಳಿ ಇವತ್ತಿಗೆ ಹನ್ನೆರಡು ದಿನ. ಮಾರನೇ ದಿನವೇ ಗೇಟಿಗೆ ಟು-ಲೆಟ್ ಬೋರ್ಡು ಬಿತ್ತು. ಅವತ್ತಿಂದ ನಮ್ಮನೆ ಲಾಲ್‌ಬಾಗಿನ ಫ್ಲವರ್ ಶೋ ಆಗಿದೆ, ಟಿಕೆಟ್ ಒಂದಿಲ್ಲ ಅಷ್ಟೇ.

ಹೋದ ಭಾನುವಾರ ಬೆಳಿಗ್ಗೆ ಎಂಟೂವರೆ. ಊರಿಂದ ಬಂದಿದ್ದ ಅಮ್ಮ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ದೇವರ ಮುಂದೆ ಕೂತಿದ್ದರು. ಬೆಲ್ ಆಯ್ತು. ನಾನು ಚಿಲಕ ತೆಗೆದದ್ದೇ ತಡ, ಬ್ರೋಕರ್ರು, ಅವನ ಹಿಂದೆ ನಾಲ್ಕು ಜನ, ಚಪ್ಪಲಿ ಹಾಕ್ಕೊಂಡೇ ಒಳಗೆ! "ಎರಡೇ ನಿಮಿಷ ಸಾರ್.." ಒಬ್ಬ ಮೊಬೈಲಲ್ಲಿ ವಿಡಿಯೋ ಮಾಡ್ತಾ ಬೆಡ್‌ರೂಮಿಗೆ ಹೋದ. ಇನ್ನೊಬ್ಬರು ವಾರ್ಡ್‌ರೋಬ್ ಬಾಗಿಲು ತೆಗೆದು ನೋಡಿದರು. ಅಮ್ಮ ಆರತಿ ತಟ್ಟೆ ಹಿಡ್ಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರೆಲ್ಲ ಹೋದ ಮೇಲೆ ಅಮ್ಮ ಕೇಳಿದ್ದು ಒಂದೇ: "ಬಾಡಿಗೆ ಕೊಡೋದು ನಿಲ್ಸಿದೀಯೇನೋ?"

ಓನರ್ ಅಂಕಲ್‌ಗೆ ಫೋನ್ ಮಾಡಿದೆ. "ನಮ್ಮನೆ ನಾವು ತೋರಿಸಬಾರದಾ?" ಅಂದರು. ಈ ಮಾತಿಗೇ ನನ್ನ ತಕರಾರು.

ಗೋಡೆ ನಿಮ್ಮದು ಅಂಕಲ್, ಒಪ್ಪಿದೆ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ನಿಮಗೆ ನಷ್ಟ, ಅದನ್ನೂ ಒಪ್ಪಿದೆ. ಆದರೆ ನಾನು ಕೀ ವಾಪಸ್ ಕೊಡೋ ತನಕ ಅಲ್ಲಿ ವಾಸ ನನ್ನದು. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್‌ನ 108ನೇ ಸೆಕ್ಷನ್ ಹೇಳೋದೂ ಅದನ್ನೇ: ಬಾಡಿಗೆ ಕಟ್ಟಿ ಕರಾರಿನಂತೆ ನಡ್ಕೊಳ್ಳೋನು ಅವಧಿ ಮುಗಿಯೋವರೆಗೆ ಅಡ್ಡಿಯಿಲ್ಲದೆ ಇರಬಹುದು. ಮಾಲೀಕ, ಅವನ ಏಜೆಂಟು ಸೂಕ್ತ ಹೊತ್ತಲ್ಲಿ ಬಂದು ಮನೆಯ ಸ್ಥಿತಿ ನೋಡಬಹುದು ಅಂತಲೂ ಅಲ್ಲೇ ಇದೆ. ಮನೆಯ ಸ್ಥಿತಿ ಸ್ವಾಮಿ, ವಾರ್ಡ್‌ರೋಬಿನ ಸೀರೆ ಅಲ್ಲ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಮಾಲೀಕ ಒಳಗೆ ಬರೋಕೆ 24 ಗಂಟೆ ಮುಂಚೆ ನೋಟಿಸ್ ಕೊಡಬೇಕು ಅಂತಿದೆ. ಎಲೆಕ್ಟ್ರಾನಿಕ್ ನೋಟಿಸ್ ಆದ್ರೂ ನಡೆಯುತ್ತೆ. ಅಂದ್ರೆ ಒಂದು ಮೆಸೇಜು! ಆದರೆ ಅದು ಬರೀ ಮಾದರಿ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ. ಇನ್ನು ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬರೆದವರು ದೊಡ್ಡ ಊರುಗಳಲ್ಲಿ ತಿಂಗಳಿಗೆ 3500 ರೂಪಾಯಿ ದಾಟಿದ ಮನೆಗಳನ್ನ ಹೊರಗೇ ಇಟ್ಟಿದ್ದರು. ಆ ದುಡ್ಡಿಗೆ ಈಗ ಬೆಂಗಳೂರಲ್ಲಿ ಪಿಜಿಯಲ್ಲಿ ಒಂದು ಮಂಚ ಸಿಕ್ಕರೆ ಪುಣ್ಯ.

ಹಾಗಂತ ಕೋರ್ಟಿಗೆ ಯಾರು ಹೋಗ್ತಾರೆ? ಅಡ್ವಾನ್ಸ್ ಅವರ ಜೇಬಲ್ಲಿದೆ. ಬಾಯಿ ಬಿಟ್ಟರೆ ಪೇಂಟಿಂಗ್ ಜೊತೆ ಇನ್ನೇನೇನು ಮುರ್ಕೋತಾರೋ. ಈ ಭಯದಿಂದಲೇ ನಾವೆಲ್ಲ ನಗ್ತಾ ನಗ್ತಾ ಬಾಗಿಲು ತೆಗೀತೀವಿ.

ನಾನೂ ಸಾಚಾ ಏನಲ್ಲ. ಎರಡು ವರ್ಷದ ಹಿಂದೆ ಇದೇ ಮನೆ ನೋಡೋಕೆ ಬಂದಾಗ ಒಳಗೆ ಮಗು ಮಲಗಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕಾವೇರಿ ನೀರಾ ಬೋರ್ ನೀರಾ ಅಂತ ವಿಚಾರಿಸಿದ್ದೆ. ಮಗು ಎದ್ದು ಅತ್ತಿತು. ಆ ಮನೆಯವರ ಮುಖ ಈಗ ನೆನಪಾಗ್ತಿದೆ.

ಅಂಕಲ್‌ಗೆ ಮೆಸೇಜ್ ಹಾಕಿದೀನಿ. ಬುಧವಾರ ಸಂಜೆ 7ರಿಂದ 8, ಶನಿವಾರ 4ರಿಂದ 6. ಹಿಂದಿನ ದಿನ ಹೇಳಬೇಕು. ಚಪ್ಪಲಿ ಹೊರಗೆ, ವಿಡಿಯೋ ಇಲ್ಲ, ನಿಮ್ಮ ಹತ್ರ ಇರೋ ಕೀ ಬ್ರೋಕರ್ ಕೈಗೆ ಹೋಗಬಾರದು. ಓದಿದಾರೆ, ಉತ್ತರ ಇಲ್ಲ.

ಇವತ್ತು ಶುಕ್ರವಾರ. ಇದನ್ನ ಟೈಪ್ ಮಾಡ್ತಿರೋವಾಗಲೇ ಬ್ರೋಕರ್ ಫೋನು: "ಸಾರ್, ಕೆಳಗಡೆ ಇದೀವಿ, ಮೇಲೆ ಬರ್ಲಾ?"

"ನಾಳೆ ನಾಲ್ಕಕ್ಕೆ ಬನ್ನಿ" ಅಂದೆ. ಕಿಟಕಿಯಿಂದ ನೋಡಿದೆ, ಇನ್ನೂ ಗೇಟ್ ಹತ್ರವೇ ನಿಂತಿದಾನೆ.