ಕಾನೂನು ಕಟ್ಟೆ: ಸೈಕಲ್ಲಿಗೂ ಒಂದು ದೀಪ



ಕಳೆದ ಸಂಚಿಕೆಯಲ್ಲಿ ಮನೆ ಬಾಡಿಗೆಯ ಕರಾರು ಪತ್ರದ ಬಗ್ಗೆ ಬರೆದಿದ್ದೆ. ಈ ಸಲ ನಿಮ್ಮ ಸೈಕಲ್ಲಿನ ಸರದಿ. "ಸೈಕಲ್ಲಿಗೂ ಕಾನೂನೇ?" ಎಂದು ನಗಬೇಡಿ. ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ.

ರಾಜ್ಯೋತ್ಸವದ ನಾಟಕದ ತಾಲೀಮು ಮುಗಿಸಿ ರಾತ್ರಿ ಒಂಬತ್ತೂವರೆಗೆ ಸೈಕಲ್ ಮೇಲೆ ಮನೆಗೆ ಹೊರಟಿದ್ದ ನಮ್ಮ ಹುಡುಗನೊಬ್ಬನಿಗೆ ಪುಣೆಯ ಪೌಡ್ ರಸ್ತೆಯಲ್ಲಿ ಹಿಂದಿನಿಂದ ಬಂದ ಕಾರು ಬಡಿಯಿತು. ದೇವರ ದಯೆ, ಜೀವ ಉಳಿಯಿತು. ಆದರೆ ಕಾಲಿನ ಮೂಳೆ ಮುರಿಯಿತು. ಪಾತ್ರವೂ ಹೋಯಿತು, ಒಂದು ಸೆಮಿಸ್ಟರೂ ಹೋಯಿತು. ನೋಡಲು ಹೋದಾಗ ಅವನು ಹೇಳಿದ: "ಕಾಕಾ, ನನಗೆ ರಸ್ತೆ ಚೆನ್ನಾಗಿ ಕಾಣ್ತಾ ಇತ್ತು. ಬೀದಿ ದೀಪ ಇತ್ತಲ್ಲ. ಸೈಕಲ್ಲಿಗೆ ಮತ್ತೇಕೆ ಲೈಟು?"

ಈ ಮಾತನ್ನು ನಾನೂ ಒಮ್ಮೆ ಆಡಿದ್ದೆ. 1970ರ ದಶಕದ ಧಾರವಾಡ. ಆಗ ಸೈಕಲ್ಲಿಗೆ ಮುನ್ಸಿಪಾಲಿಟಿಯ ತಗಡಿನ ಬಿಲ್ಲೆ ಬೇಕು, ಕತ್ತಲಾದ ಮೇಲೆ ದೀಪ ಬೇಕು, ಡಬಲ್ ಸವಾರಿ ಕೂಡದು. ನನ್ನ ಡೈನಮೊ ಕೆಟ್ಟಿತ್ತು. ಪೊಲೀಸರು ಹಿಡಿದು ನಿಲ್ಲಿಸಿದರು. "ದಾರಿ ಕಾಣಸ್ತೈತ್ರಿ ಸಾಹೇಬ್ರ" ಎಂದೆ. ಅವರು ಎರಡೂ ಚಕ್ರದ ಗಾಳಿ ಬಿಟ್ಟು ಹೇಳಿದರು: "ನಿನಗ ದಾರಿ ಕಾಣಸ್ತೈತಿ ತಮ್ಮಾ, ಆದ್ರ ನೀ ಯಾರಿಗೂ ಕಾಣಸಂಗಿಲ್ಲ." ಮನೆಯವರೆಗೆ ಸೈಕಲ್ ತಳ್ಳಿಕೊಂಡು ಹೋದೆ. ಆ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಮಾತು ಮಾತ್ರ ಇಂದಿಗೂ ಮರೆತಿಲ್ಲ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತುಳಿಯುವ ಸೈಕಲ್ಲು ಮೋಟಾರು ವಾಹನವಲ್ಲ. ಆದ್ದರಿಂದ ಅದಕ್ಕೆ ನೋಂದಣಿ, ಲೈಸೆನ್ಸ್, ವಿಮೆ ಯಾವುದೂ ಬೇಡ. ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಮೂ ಮೋಟಾರ್ ಸೈಕಲ್ಲಿಗೆ ಸೇರಿದ್ದು. ಇಷ್ಟನ್ನು ಕೇಳಿ "ಹಾಗಾದರೆ ನಮಗೆ ಕಾನೂನೇ ಇಲ್ಲ" ಎಂದುಕೊಳ್ಳುವವರೇ ಹೆಚ್ಚು. ಅದು ತಪ್ಪು.

ಮೊದಲನೆಯದು, ಪೊಲೀಸ್ ಕಾಯ್ದೆ. 1951ರ ಮುಂಬಯಿ ಪೊಲೀಸ್ ಕಾಯ್ದೆ, ಅಂದರೆ ಈಗಿನ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 33ನೇ ಕಲಮು, ರಸ್ತೆಯಲ್ಲಿ ಓಡಾಡುವ ವಾಹನಕ್ಕೆ ಎಷ್ಟು ದೀಪ ಇರಬೇಕು, ಎಲ್ಲಿರಬೇಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಉರಿಯಬೇಕು ಎಂದು ನಿಯಮ ಮಾಡುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಕೊಡುತ್ತದೆ. ಸೈಕಲ್ ತುಳಿಯುವವರ ಹೆಸರೂ ಆ ಕಲಮಿನಲ್ಲಿದೆ. ನಮ್ಮ ಊರಿನ ಕಡೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಮು ಇಂಥದೇ. ಧಾರವಾಡದ ಆ ಪೊಲೀಸರು ಗಾಳಿ ಬಿಟ್ಟದ್ದು ಕಾನೂನಿನಲ್ಲಿಲ್ಲ. ದೀಪ ಕೇಳಿದ್ದು ಖಂಡಿತ ಇತ್ತು.

ಎರಡನೆಯದು, ಅಜಾಗರೂಕ ಚಾಲನೆ. ಹಳೆಯ ದಂಡ ಸಂಹಿತೆಯ 279ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಆಗಿದೆ. ಅದು ಹೇಳುವುದು "ಯಾವುದೇ ವಾಹನ" ಎಂದು, ಮೋಟಾರು ವಾಹನ ಎಂದಲ್ಲ. ಇತರರ ಜೀವಕ್ಕೆ ಅಪಾಯವಾಗುವಂತೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮೂರನೆಯದು, ನಿಮ್ಮಲ್ಲಿ ಕೆಲವರು ಕೊಂಡಿರುವ ಬ್ಯಾಟರಿ ಸೈಕಲ್ಲು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಉಳಿದ ಷರತ್ತುಗಳೂ ಪೂರೈಸಿದರೆ ಅದಕ್ಕೆ ನಂಬರ್ ಪ್ಲೇಟು ಬೇಡ. ಆ ಷರತ್ತುಗಳಲ್ಲಿ ಒಂದು: ಸರಿಯಾದ ಬ್ರೇಕು, ಮುಂದೆ ಒಂದು ಬಿಳಿ ರಿಫ್ಲೆಕ್ಟರ್, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್. ಚೆಂದ ಕಾಣಲಿಲ್ಲವೆಂದು ಅವನ್ನು ಕಿತ್ತು ಹಾಕುವವರು ಇದನ್ನು ನೆನಪಿಡಿ.

ಸಾದಾ ಸೈಕಲ್ಲಿನ ರಿಫ್ಲೆಕ್ಟರುಗಳ ಗುಣಮಟ್ಟಕ್ಕೂ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಆದರೆ ಅದು ಬಿಗಿಯುವುದು ತಯಾರಕರನ್ನು. ಮನೆಗೆ ತಂದ ಮೇಲೆ ಅವು ಜಾಗದಲ್ಲಿ ಉಳಿಯುವುದು ನಿಮ್ಮ ಕೈಯಲ್ಲಿದೆ.

ಇಷ್ಟೆಲ್ಲ ಇದ್ದರೂ ದೀಪವಿಲ್ಲವೆಂದು ಇಂದು ನಿಮ್ಮನ್ನು ಯಾರೂ ಹಿಡಿಯಲಿಕ್ಕಿಲ್ಲ. ದೀಪದ ಪ್ರಶ್ನೆ ಏಳುವುದು ಅಪಘಾತವಾದ ಮೇಲೆ.

ಮೋಟಾರು ವಾಹನ ಬಡಿದು ಗಾಯಗೊಂಡ ಸೈಕಲ್ ಸವಾರ 166ನೇ ಕಲಮಿನಡಿ ಪರಿಹಾರ ಕೇಳಬಹುದು. ಆಗ ವಿಮಾ ಕಂಪನಿಯ ವಕೀಲರು ಕೇಳುವ ಪ್ರಶ್ನೆ: "ಸೈಕಲ್ಲಿಗೆ ದೀಪವಿತ್ತೇ? ಹಿಂದೆ ರಿಫ್ಲೆಕ್ಟರ್ ಇತ್ತೇ?" ಇಲ್ಲವೆಂದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ. ಆದರೆ ಅಪಘಾತಕ್ಕೆ ಸವಾರನ ನಿರ್ಲಕ್ಷ್ಯವೂ ಕಾರಣ ಎಂದು ಸಾಬೀತಾದರೆ ಅಷ್ಟು ಪಾಲು ಕಡಿತವಾಗುತ್ತದೆ. ಉದಾಹರಣೆಗೆ, 10 ಲಕ್ಷ ಸಿಗಬೇಕಾದಲ್ಲಿ ನಿಮ್ಮ ತಪ್ಪು ಶೇಕಡಾ 20 ಎಂದಾದರೆ ಕೈಗೆ ಬರುವುದು 8 ಲಕ್ಷ. ನಮ್ಮ ಹುಡುಗನ ತಂದೆಗೂ ಈಗ ಇದೇ ಚಿಂತೆ. ಮಗ ಮಲಗಿದ್ದಾನೆ, ಆಸ್ಪತ್ರೆ ಬಿಲ್ಲು ಕೈಯಲ್ಲಿದೆ, ಆ ಪ್ರಶ್ನೆಗೆ ಉತ್ತರವಿಲ್ಲ.

ಇನ್ನು ಲೆಕ್ಕ ಹಾಕಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. ಕಾರು ನಿಲ್ಲುವುದು ಆಮೇಲೆ.

ಹಾಗಾದರೆ ಏನು ಹಾಕಿಸಬೇಕು?

ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಬಣ್ಣ ಅದಲು ಬದಲು ಮಾಡಬೇಡಿ. ಮುಂದೆ ಕೆಂಪು ಕಂಡರೆ ಎದುರಿನವನು ನೀವು ದೂರ ಹೋಗುತ್ತಿದ್ದೀರಿ ಎಂದು ತಿಳಿಯುತ್ತಾನೆ. ಮುಂದಿನ ದೀಪ ಸ್ವಲ್ಪ ನೆಲದ ಕಡೆ ಬಾಗಿರಲಿ, ಎದುರಿನವರ ಕಣ್ಣು ಕುಕ್ಕಬಾರದು. ರಿಫ್ಲೆಕ್ಟರ್ ಇದ್ದರೆ ಸಾಲದೇ ಎಂದು ಕೇಳುತ್ತೀರಿ. ಸಾಲದು. ಬೇರೆ ಬೆಳಕು ತನ್ನ ಮೇಲೆ ಬಿದ್ದಾಗ ಮಾತ್ರ ಅದು ಹೊಳೆಯುತ್ತದೆ. ಆದರೂ ದೀಪದ ಚಾರ್ಜ್ ಮುಗಿದ ದಿನ ಅದೇ ಆಸರೆ, ಆದ್ದರಿಂದ ಎರಡೂ ಇರಲಿ. ಪೆಡಲಿನ ರಿಫ್ಲೆಕ್ಟರ್ ಕಾಲಿನ ಜೊತೆ ಮೇಲೆ ಕೆಳಗೆ ಆಡುವುದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಚಕ್ರದ ಕಡ್ಡಿಗೆ ಹಾಕಿದ್ದು ಅಡ್ಡರಸ್ತೆಯಿಂದ ಬರುವವರಿಗೆ ಕಾಣುತ್ತದೆ. ನಮ್ಮ ಕಾಲದ ಡೈನಮೊ ದೀಪ ಚೌಕದಲ್ಲಿ ಸೈಕಲ್ ನಿಂತೊಡನೆ ಆರಿಹೋಗುತ್ತಿತ್ತು. ಮೊಬೈಲಿನಂತೆ ಚಾರ್ಜ್ ಮಾಡುವ ಈಗಿನ ಎಲ್‌ಇಡಿ ದೀಪಕ್ಕೆ ಆ ಕಷ್ಟವಿಲ್ಲ. ಗಂಟೆ ಮತ್ತು ಎರಡೂ ಬ್ರೇಕು ಸರಿಯಿವೆಯೇ ನೋಡಿ. ಮಳೆಗಾಲದಲ್ಲಿ ರೇನ್‌ಕೋಟಿನ ತುದಿ, ಬೆನ್ನಿನ ಚೀಲ ಹಿಂದಿನ ದೀಪವನ್ನು ಮುಚ್ಚದಿರಲಿ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿಕೊಳ್ಳಿ.

ಬರುವ ಭಾನುವಾರ ತಾಲೀಮಿಗೆ ಬರುವಾಗ ನಿಮ್ಮ ಸೈಕಲ್ಲನ್ನು ಗೆಳೆಯನ ಕೈಗೆ ಕೊಟ್ಟು, ಕತ್ತಲಲ್ಲಿ ಐವತ್ತು ಹೆಜ್ಜೆ ದೂರ ನಿಂತು ಹಿಂದಿನಿಂದ ನೋಡಿ. ಕಾಣಿಸಿದರೆ ಸರಿ. ಕಾಣಿಸದಿದ್ದರೆ ಅಂದು ಮನೆಗೆ ತುಳಿದುಕೊಂಡು ಹೋಗಬೇಡಿ, ತಳ್ಳಿಕೊಂಡು ಹೋಗಿ. ನಾನು ಹಾಗೆ ಹೋದವನೇ.

ನಿಮ್ಮ ಪ್ರಶ್ನೆಗಳನ್ನು ಸಂಘದ ಕಚೇರಿಗೆ ಬರೆದು ಕಳಿಸಿ. ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ಕನ್ನಡದಲ್ಲೇ ಬರೆಯಿರಿ.